ಎರಡು ಕವರಿನ ಕಂಪ್ಯೂಟರ್

ಗುಟ್ಟನ್ನು ಹೊರಗೆ ಬಿಟ್ಟವಳು ನಾನು. ಅದಕ್ಕಾಗಿ ಕೆಲಸ ಕಳೆದುಕೊಂಡವಳು ಗೌರಕ್ಕ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ನಿಮ್ಮ ಅಮ್ಮನಿಗೂ ಇಲ್ಲ. ಅಜ್ಜಿ ಯಾರ ಎದುರೂ ಬಾಯಿ ಬಿಡದವಳು, ಪಾಪದವಳು ಎಂದು ನೀವು ನನ್ನನ್ನು ರೇಗಿಸುತ್ತೀರಲ್ಲ ಮಕ್ಕಳೇ, ಪ್ರತಿ ಸಲವೂ ನಾನು ಎದ್ದು ಒಳಗೆ ಹೋಗುತ್ತೇನೆ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ನಾನು ಮಾಡಿದ್ದನ್ನು ಮಾತ್ರ ತಿದ್ದಬೇಡಿ.

ನಿಮ್ಮ ತಾತ ತೀರಿಕೊಂಡ ಮೇಲೆ ಸವಿತಳನ್ನು — ನಿಮ್ಮ ಅಮ್ಮನನ್ನು — ಕರೆದುಕೊಂಡು ಬೋಗಾದಿಯ ಬಾಡಿಗೆ ಮನೆಗೆ ಬಂದೆ. ಕುವೆಂಪುನಗರದ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಕೇಳಿದೆ. ಅಲ್ಲಿ ಮದುವೆ ರವಿಕೆಗಳೇ ಹೆಚ್ಚು. ಗಂಡ ಸತ್ತವಳ ಕೈಯಿಂದ ಹೇಗೆ ಹೊಲಿಸುವುದು ಎಂದು ಮಾಲೀಕರು ಹಿಂದೆಮುಂದೆ ನೋಡಿದರು. ಬಟ್ಟೆ ಕತ್ತರಿಸುತ್ತಿದ್ದ ಗೌರಕ್ಕ ತಲೆ ಎತ್ತದೆಯೇ, "ರವಿಕೆ ಬ್ಯಾಡ ಅಂದ್ರೆ ದಿಂಬಿನ ಚೀಲ ಹೊಲೀಲಿ ಬುಡಿ ಸಾರ್. ದಿಂಬಿಗೇನು ಮದ್ವೆನಾ ಮುಂಜೀನಾ" ಎಂದಳು. ಮಾಲೀಕರೂ ನಕ್ಕರು. ನನಗೆ ಕೆಲಸ ಸಿಕ್ಕಿತು. ಕತ್ತರಿ ಹಿಡಿಯುವುದನ್ನೂ ಆಮೇಲೆ ಅವಳೇ ಕಲಿಸಿದಳು.

ಅದು ತೊಂಬತ್ತರ ದಶಕ. ಕಂಪ್ಯೂಟರಿಗೆ ಧೂಳು ಕೂರಬಾರದೆಂದು ಆಗ ಬಟ್ಟೆಯ ಕವರು ಹಾಕುತ್ತಿದ್ದರು. ಟಿವಿಯಂಥ ಪರದೆಗೆ ಒಂದು, ಅದರ ಕೆಳಗಿನ ಡಬ್ಬಿಗೆ ಒಂದು, ಕೀಲಿಮಣೆಗೆ ಒಂದು — ಮೂರು ಕವರು. ನಮ್ಮ ಊರಿನಲ್ಲೇ ಕಂಪ್ಯೂಟರ್ ಮಾಡುತ್ತಿದ್ದ ಒಂದು ಸಣ್ಣ ಕಂಪನಿಗೆ ನಮ್ಮ ಅಂಗಡಿಯೇ ಅವನ್ನು ಹೊಲಿದು ಕೊಡುತ್ತಿತ್ತು. ಗೌರಕ್ಕ ಕತ್ತರಿಸುವುದು, ನಾನು ಹೊಲಿಯುವುದು.

ಆ ಕಂಪನಿ ಹೊಸ ಯಂತ್ರ ತರುತ್ತದೆಂಬ ಸುದ್ದಿ ಹಬ್ಬಿತು. ಸವಿತ ಕಲಿಯುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಹುಡುಗರಿಗೆ ಆ ಕಂಪನಿಯೆಂದರೆ ಹುಚ್ಚು. ಸಿನಿಮಾ ನಟನ ಹೊಸ ಚಿತ್ರಕ್ಕೆ ಕಾಯುವಂತೆ ಕಾಯುತ್ತಿದ್ದರು. ಕ್ಲಾಸು ಮುಗಿದರೂ ಮೆಟ್ಟಿಲ ಮೇಲೆ ಕೂತು ಅದೇ ಮಾತು — ಹೊಸದು ಹೇಗಿರುತ್ತದೆ, ಏನು ಮಾಡುತ್ತದೆ. ಸವಿತಳನ್ನು ಕರೆಯಲು ಹೋದಾಗ ನಾನೂ ಕೇಳಿಸಿಕೊಂಡಿದ್ದೇನೆ.

"ಈ ಸಲ ಗೋಡೆಗೆ ತಗುಲಿ ಹಾಕ್ಬೋದಂತೆ ಕಣ್ರೋ."

"ಯಾರೋ ಹೇಳಿದ್ದು ನಿಂಗೆ, ಕಂಪನಿ ವಾಚ್‌ಮನ್ನಾ?"

"ಡಬ್ಬಿ ಇನ್ನೂ ದೊಡ್ಡದಾಗುತ್ತೆ ನೋಡ್ತಿರು, ಅದರ ಮೇಲೆ ಕೂತ್ಕೊಂಡು ಟೈಪ್ ಮಾಡ್ಬೇಕು."

ಒಂದು ದಿನ ಸವಿತಳೂ ಧೈರ್ಯ ಮಾಡಿ, ಬಣ್ಣ ಬೇರೆ ಬರಬಹುದು ಎಂದಳಂತೆ. "ಬಣ್ಣದ ಯೋಚ್ನೆ ಬಂತಾ? ಹೋಗಮ್ಮ, ಮನೆ ಮುಂದೆ ರಂಗೋಲಿ ಬುಡೋಗು" ಎಂದನಂತೆ ಪ್ರಕಾಶ. ಆ ಗುಂಪಿಗೆ ಅವನೇ ಮುಂದಾಳು. ಸವಿತ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತಳು. ಮಾರನೆಯ ದಿನವೂ ಊಟ ಬಿಟ್ಟಳು. ಇನ್ನು ಕ್ಲಾಸಿಗೆ ಹೋಗುವುದಿಲ್ಲ ಎಂದಳು.

ಹೊಸ ಯಂತ್ರದ ಪೇಪರ್ ಕಟಿಂಗ್, ಎಂದರೆ ಕವರಿನ ಅಳತೆಯ ಕಾಗದ, ಆ ಹೊತ್ತಿಗೆ ನಮ್ಮ ಅಂಗಡಿಗೆ ಬಂದಾಗಿತ್ತು. ಕುಂಕುಮವಿಟ್ಟ ಕತ್ತರಿಯನ್ನು ಮುಟ್ಟಿಸಿ ಯಾರಿಗೂ ಹೇಳುವುದಿಲ್ಲವೆಂದು ಮಾಲೀಕರು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಮುಟ್ಟಿದ ಕೈಯಲ್ಲೇ ನಾನು ಆ ಸಂಜೆ ಮಗಳ ತಲೆ ನೇವರಿಸಿ ಹೇಳಿದೆ, "ಈ ಸಲ ಎರಡೇ ಕವರು ಕಣೇ. ಡಬ್ಬಿಗೆ ಬೇರೆ ಇಲ್ಲ."

ಅವಳು ತಟ್ಟನೆ ಎದ್ದು ಕೂತಳು. "ಅಂದ್ರೆ ಡಬ್ಬಿ ಟಿವಿಯೊಳಗೇ ಸೇರ್ಕೊಂಡಿದೆಯಾ? ಎಷ್ಟು ಅಗಲ ಅಮ್ಮ?"

ನಾನು ಗೇಣು ಹಾಕಿ ತೋರಿಸಿದೆ. ಹಿಂಭಾಗ ಕಿರಿದಾಗುತ್ತದೆ ಎಂದೂ ಹೇಳಿದೆ. ನಿನ್ನ ಊಹೆಯೆಂದೇ ಹೇಳು ಎಂದೆ. ಎರಡು ದಿನದ ಉಪವಾಸದ ಮೇಲೆ ಅವಳು ಅನ್ನ ಕಲಸಿದಳು — ಆಗ ನನಗೆ ಬೇರೇನೂ ಬೇಕಿರಲಿಲ್ಲ.

ಅವಳ ಊಹೆ ಕೇಳಿ ಎಲ್ಲರೂ ನಕ್ಕರಂತೆ, ಪ್ರಕಾಶನೊಬ್ಬನನ್ನು ಬಿಟ್ಟು. ಮಾರನೆಯ ದಿನ ಕ್ಲಾಸಿನ ಬೋರ್ಡಿನ ಮೇಲೆ ಆ ಯಂತ್ರದ ಚಿತ್ರ, ಅಳತೆ ಸಮೇತ, ಅವನ ಹೆಸರಿನಲ್ಲಿ. "ಕಳ್ಳ ಕಣಮ್ಮ ಅವ್ನು" ಎಂದು ಸವಿತ ಕುದಿದಳು. ನನಗೆ ಒಳಗೊಳಗೇ ನೆಮ್ಮದಿ. ಮಗಳ ಹೆಸರು ಎಲ್ಲಿಯೂ ಇರಲಿಲ್ಲ.

ಕ್ಲಾಸಿನ ಯಂತ್ರ ರಿಪೇರಿಗೆ ಬಂದ ಕಂಪನಿಯವನೊಬ್ಬ ಆ ಚಿತ್ರ ನೋಡಿದ. ಯಾರು ಹೇಳಿಕೊಟ್ಟದ್ದೆಂದು ಕೇಳಿದರೆ ಪ್ರಕಾಶ, "ಯಾರೂ ಇಲ್ಲ ಸಾರ್, ನನ್ನದೇ ತಲೆ" ಎಂದು ಎದೆಯುಬ್ಬಿಸಿದ. ಪ್ರಕಾಶ ಬಾಡಿಗೆಗಿದ್ದದ್ದು ಗೌರಕ್ಕನ ಮನೆಯ ಮಹಡಿಯಲ್ಲಿ.

ಅದಾದ ಎರಡನೆಯ ದಿನ, ಕಂಪನಿಯಿಂದ ದೂರು ಬಂದು, ಮಾಲೀಕರು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡರು. ಗುಟ್ಟು ಬಿಟ್ಟವರನ್ನು ತೆಗೆಯದಿದ್ದರೆ ಆರ್ಡರು ಹೋಗುತ್ತದೆ, ಎಂಟು ಜನರ ಅನ್ನ ಹೋಗುತ್ತದೆ ಎಂದರು. ಗೌರಕ್ಕ, "ನಾನಲ್ಲ ಸಾರ್" ಎಂದಳು. ಆಮೇಲೆ ಏನೋ ಹೇಳಲು ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿಕೊಂಡಳು. ಸವಿತ ಆ ಕ್ಲಾಸಿನಲ್ಲಿ ಕಲಿಯುತ್ತಿದ್ದದ್ದು ಅಂಗಡಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಾಲೀಕರು ನನ್ನ ಕಡೆ ತಿರುಗಿದರು. "ನೀವು ಹೇಳಿ ಜಯಮ್ಮ. ಆ ಹುಡುಗ ಇವರ ಮನೇಲೇ ಇರೋದು ನಿಜಾನಾ?"

"ಹೌದು ಸಾರ್. ಮಾಡಿ ಮೇಲಿನ ರೂಮು."

ಇಷ್ಟೇ ನಾನು ಆಡಿದ ಮಾತು. ಸುಳ್ಳಲ್ಲ — ಅಷ್ಟೂ ನಿಜ. ಆ ನಿಜವನ್ನು ಅವಳ ಮೇಲೆ ಎತ್ತಿ ಹಾಕಿ ನಾನು ಹಿಂದೆ ಸರಿದು ನಿಂತೆ. ಇನ್ನೂ ಒಂದು ಮಾತು ಇತ್ತು, ನಾಲಿಗೆಯ ತುದಿಯವರೆಗೆ ಬಂದಿತ್ತು — ಬಂದಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬಂದಿರಲಿಲ್ಲವೇನೋ.

ಗೌರಕ್ಕ ತನ್ನ ಟಿಫನ್ ಡಬ್ಬಿ ತೆಗೆದುಕೊಂಡು ಹೋದಳು. ಕಂಪನಿಯವರು ದೊಡ್ಡ ಸಭೆ ಮಾಡಿ ಹೊಸ ಯಂತ್ರ ತೋರಿಸಿದರು. ನಾನು ಹೊಲಿದ ಕವರನ್ನು ಎಲ್ಲರೆದುರು ಎತ್ತಿದಾಗ ಚಪ್ಪಾಳೆ ನಿಲ್ಲಲೇ ಇಲ್ಲವಂತೆ. ಸವಿತ ಹೇಳಿದ ಹಾಗೆಯೇ ಇತ್ತಂತೆ. ಅವಳಿಗೆ ಧೈರ್ಯ ಬಂತು, ಕ್ಲಾಸು ಬಿಡಲಿಲ್ಲ, ಅದೇ ವಿದ್ಯೆಯಿಂದ ಮುಂದೆ ಬಂದಳು. ಗೌರಕ್ಕ ಎಲ್ಲಿ ಎಂದು ಅವಳು ಕೇಳಿದಾಗ, ಹೊಲಿಗೆ ಸಾಕಾಯಿತಂತೆ, ವಿಜಯನಗರದ ತಂಗಿಯ ಮನೆಗೆ ಹೋದಳು ಎಂದೆ. ಬಾಯಲ್ಲಿ ಗುಟ್ಟು ನಿಲ್ಲದವಳೆಂದು ಯಾವ ಅಂಗಡಿಯವರೂ ಕತ್ತರಿ ಕೊಡದೆ, ಬೋಗಾದಿಯಲ್ಲಿದ್ದ ತನ್ನ ಮನೆ ಮಾರಿ ಹೋದಳೆಂದು ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸೋಣ ಎಂದುಕೊಂಡಿದ್ದೆ. ನಿಲ್ಲಿಸಿದರೆ ಇದೂ ಮೋಸವೇ. ಇದಕ್ಕಿಂತ ಕೆಟ್ಟದ್ದನ್ನು ನಾನು ಆಮೇಲೆ ಮಾಡಿದೆ.

ಏಳೆಂಟು ವರ್ಷ ಕಳೆದಿತ್ತು. ಕುವೆಂಪುನಗರದ ಕಣ್ಣಿನ ಕ್ಲಿನಿಕ್ಕಿನಲ್ಲಿ ನನ್ನ ದನಿ ಕೇಳಿ ಯಾರೋ ಕೈ ಹಿಡಿದರು. "ಜಯಾ ಅಲ್ವೇನೇ?" ಗೌರಕ್ಕ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದೂ ಮಂಜು. ಕೈ ಬಿಡದೆಯೇ ಹೇಳಿದಳು:

"ನಿಂಗೊಂದು ಹೇಳ್ಬೇಕು ಅಂತ ಎಷ್ಟು ದಿನದಿಂದ ಇದ್ದೆ ಗೊತ್ತಾ. ತಪ್ಪು ನಂದೇ ಕಣೇ. ಆ ಪೇಪರ್‌ನ ಒಂದಿನ ಬ್ಯಾಗಲ್ಲಿ ಮನೇಗೆ ತಂದ್ಬುಟ್ಟಿದ್ದೆ. ಮೇಲಿದ್ದ ಆ ಮುಂಡೇದು ನೋಡಿರ್ಬೇಕು. ಅವತ್ತು ನಿನ್ನ ಮಗಳ ಹೆಸರು ಬಾಯಿಗೆ ಬಂದಿತ್ತು, ನಾನು ಉಳ್ಕೊಳ್ಳಕ್ಕೆ. ಪಾಪದ ಮಗು ಅಂತ ನುಂಗ್ಕೊಂಡೆ. ಹಂಗೆ ಯೋಚ್ನೆ ಮಾಡಿದ್ನಲ್ಲ ಅಂತ ಇನ್ನೂ ಸಂಕಟ. ಮನಸ್ಸಲ್ಲಿ ಇಟ್ಕೋಬ್ಯಾಡ."

ನನ್ನ ತಪ್ಪನ್ನು ಅವಳು ಅಷ್ಟು ವರ್ಷ ತನ್ನದೆಂದು ಹೊತ್ತಿದ್ದಳು. ಇಳಿಸಲು ನನಗೆ ಒಂದು ಮಾತು ಸಾಕಿತ್ತು. ನಾನು ಏನೆಂದೆ ಗೊತ್ತೇ?

"ಹೋಗ್ಲಿ ಬುಡಕ್ಕ. ನಾನೇನೂ ಇಟ್ಕೊಂಡಿಲ್ಲ."

ನಾನು ಅವಳನ್ನು ಕ್ಷಮಿಸಿದೆ, ಮಕ್ಕಳೇ. ನಾನು — ಅವಳನ್ನು. ಅವಳು ಕಣ್ಣಿನ ಪಟ್ಟಿಯ ಕೆಳಗೆ ಒರೆಸಿಕೊಂಡು, ಎದೆ ಹಗುರಾಯಿತು ಎಂದಳು.

ಆಮೇಲೆ ನಿಜ ಹೇಳಲೆಂದು ಎರಡು ಸಲ ವಿಜಯನಗರಕ್ಕೆ ಹೋಗಿದ್ದೇನೆ. ಒಮ್ಮೆ ಗೇಟಿನವರೆಗೆ, ಒಮ್ಮೆ ಬಾಗಿಲವರೆಗೆ. ಒಳಗಿಂದ "ಯಾರದು?" ಎಂಬ ದನಿ ಬಂದಾಗ ಮನೆ ತಪ್ಪಿತೆಂದು ಹೇಳಿ ಓಡಿಬಂದೆ. ಈಗ ಅವಳಿಗೆ ಕಣ್ಣು ಪೂರ್ತಿ ಹೋಗಿದೆಯಂತೆ, ಹಾಸಿಗೆ ಹಿಡಿದಿದ್ದಾಳಂತೆ. ಎಷ್ಟು ದಿನ ಉಳಿದಿದೆಯೋ — ಅವಳಿಗೆ, ನನಗೆ.

ನನ್ನನ್ನು ನಾನು ನಂಬುವುದಿಲ್ಲ. ಒಬ್ಬಳೇ ಹೋದರೆ ಮತ್ತೆ ತಿರುಗಿ ಬರುತ್ತೇನೆ. ಅದಕ್ಕೇ ಈ ಹಾಳೆಗಳನ್ನು ಮೊದಲು ನಿಮ್ಮ ಅಮ್ಮನ ಕೈಗೆ ಕೊಡುತ್ತೇನೆ. ಓದಿ ಅವಳು ನನ್ನ ಮುಖ ನೋಡದೆ ಹೋಗಬಹುದು — ಹೋಗಲಿ. ನೋಡಿದರೆ, ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ಬಾಗಿಲಿಗೆ ಬಿಡು ಎಂದು ಕೇಳುತ್ತೇನೆ. ಒಳಗಿಂದ ಯಾರು ಎಂದು ಕೇಳಿದರೆ, ಈ ಸಲ ನನ್ನ ಹೆಸರು ಹೇಳುತ್ತೇನೆ.