ಕಿವಿಯಿಂದ ಆರಿಸಿದ ರೂಟರ್

ಟಿವಿ ಕೇಬಲ್ಲಿನ ಕಾಲ ಮುಗಿದು ಮನೆಮನೆಗೆ ಇಂಟರ್ನೆಟ್ ಕೊಡುವ ಕಾಲ ಬಂದಾಗ, ಹಳೇ ಹುಬ್ಬಳ್ಳಿಯ ಲೈನುಗಳನ್ನು ನಮ್ಮ ಮನೆಯವರು ನೋಡಿಕೊಂಡರು. ಗಿರಾಕಿಗಳಿಗೆ ಯಾವ ರೂಟರ್ ಕೊಡಬೇಕು ಅನ್ನುವುದನ್ನು ನನಗೆ ಬಿಟ್ಟರು. ಕಾನ್ವೆಂಟಿನಲ್ಲಿ ಓದಿದವಳು, ಡಬ್ಬಿಯ ಮೇಲಿನ ಇಂಗ್ಲಿಷ್ ತಿಳಿಯುತ್ತದೆ ಅನ್ನುವುದಷ್ಟೇ ನನ್ನ ಕ್ವಾಲಿಫಿಕೇಶನ್.

ಡಬ್ಬಿಯ ಇಂಗ್ಲಿಷನ್ನು ನಾನೇನೂ ನಂಬುತ್ತಿರಲಿಲ್ಲ. ಹೊಸ ಮಾಡೆಲ್ ಬಂದರೆ ಎಂಟು ದಿನ ನಮ್ಮ ಪಡಸಾಲೆಯಲ್ಲಿ ಹಚ್ಚಿಡುತ್ತಿದ್ದೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಮನೆ. ಧಾರವಾಡದ ತಂಗಿಗೆ ಇಂಟರ್ನೆಟ್ಟಿನಲ್ಲೇ ಫೋನ್ ಹಚ್ಚಿ, ಮಾತಾಡುತ್ತ ಅಡುಗೆಮನೆ, ಬಚ್ಚಲು, ಹಿತ್ತಿಲು ಎಲ್ಲ ಅಡ್ಡಾಡುವುದು. ಮಾತು ತುಂಡಾಗದಿದ್ದರೆ ಪಾಸ್. ಕಾನ್ವೆಂಟಿನ ಸಿಸ್ಟರ್ ಕೊಟ್ಟ ಡಿಕ್ಟೇಶನ್ನಿನಲ್ಲಿ ಒಂದು ಅಕ್ಷರ ಬಿಡದ ಕಿವಿ ನನ್ನದು. ಅದರ ಮೇಲೆ ಸ್ವಲ್ಪ ಗರ್ವವೂ ಇತ್ತು.

ನಮ್ಮವರು ನಗುತ್ತಿದ್ದರು. “ಅಕ್ಕ-ತಂಗಿ ಹರಟಿ ತಡಕೊಂಡ ಮಷೀನು ಏನ್ ಬೇಕಾದ್ದು ತಡಕೊಳ್ತೈತಿ ಬಿಡು.”

ಹಾಗೆ ಪಾಸಾದ ಒಂದು ರೂಟರನ್ನು ಹಿಂದಿನ ಓಣಿಯಲ್ಲಿ ಕಸೂತಿ ಹಾಕುವ ಹೆಣ್ಣುಮಗಳ ಮನೆಗೆ ಕೊಟ್ಟೆವು. ನನ್ನ ವಾರಿಗೆಯವಳು, ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತಿಲ್ಲ. ಸೊಲ್ಲಾಪುರಕ್ಕೆ ಕೊಟ್ಟ ಅವಳ ತಂಗಿಯೂ ಹಾಗೇ. ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಸನ್ನೆ ಅವರಿಬ್ಬರ ಭಾಷೆ. ಮೂರನೆಯವರಿಗೆ ಅದು ಪೂರ್ತಿ ತಿಳಿಯದು. ತಂಗಿ ಹಾಸಿಗೆ ಹಿಡಿದಿದ್ದಳು. ದಿನಾ ಮಧ್ಯಾಹ್ನ ವಿಡಿಯೋ ಕಾಲ್.

ಒಂದು ದಿನ ಕಸೂತಿಯವಳ ಸೊಸೆ ಬಂದು, “ಆಂಟಿ, ಚಿತ್ರ ನಿಂತು ನಿಂತು ಬರಾಕತ್ತೈತ್ರಿ” ಅಂದಳು. ಹೋಗಿ ನೋಡಿದೆ. ಅಲ್ಲಿಂದಲೇ ನನ್ನ ತಂಗಿಗೆ ಫೋನ್ ಹಚ್ಚಿ ನಾಕು ಮಾತಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

“ರೂಟರ್ ಪರ್ಫೆಕ್ಟ್ ಐತಿ. ಧ್ವನಿ ಎಷ್ಟು ಕ್ಲಿಯರ್ ಐತಿ ನೋಡವಾ.”

ಸೊಸೆ ತಲೆ ತಗ್ಗಿಸಿ ಮೆಲ್ಲಗೆ ಕೇಳಿದಳು, “ನಮ್ಮತ್ತಿಗೆ ಧ್ವನಿ ತಗೊಂಡು ಏನ್ ಮಾಡೋದ್ರಿ, ಆಂಟಿ?”

ಮಧ್ಯಾಹ್ನದವರೆಗೆ ಅಲ್ಲೇ ಕುಳಿತೆ. ಕಾಲ್ ಬಂತು. ತಂಗಿ ಬಲಗೈ ಎತ್ತಿ ಎದೆಯ ಹತ್ತಿರ ತಂದಳು, ಚಿತ್ರ ಅಲ್ಲೇ ನಿಂತಿತು. ಅಕ್ಕ ಮುಂದಕ್ಕೆ ಬಾಗಿ ಬೆರಳಿನಿಂದ ಗಾಜು ತಟ್ಟಿದಳು. ಚಿತ್ರ ಮತ್ತೆ ಹರಿದಾಗ ಆ ಕೈ ಕೌದಿಯ ಮೇಲೆ ಬಿದ್ದಿತ್ತು. ಇನ್ನೊಮ್ಮೆ ಹೇಳು ಅಂತ ಅಕ್ಕ ಸನ್ನೆ ಮಾಡಿದಳು. ತಂಗಿಗೆ ಮತ್ತೆ ಕೈ ಎತ್ತುವ ಶಕ್ತಿ ಇರಲಿಲ್ಲ.

ಮನೆಗೆ ಬಂದು ಎಲ್ಲ ರೂಟರುಗಳನ್ನೂ ಹೊಸದಾಗಿ ಟೆಸ್ಟ್ ಮಾಡಿದೆ. ಈ ಸಲ ನನ್ನ ತಂಗಿಗೆ ಬಾಯಿ ಮುಚ್ಚಿಕೊಂಡು ವಿಡಿಯೋದಲ್ಲಿ ಬೆರಳು ಎಣಿಸು ಅಂದೆ. “ಅಕ್ಕಾ, ವಯಸ್ಸಾತು ನಿನಗ” ಅಂದಳು, ಆದರೂ ಎಣಿಸಿದಳು. ಕಿವಿಯಿಂದ ಪಾಸಾದವುಗಳಲ್ಲಿ ಮೂರು ಕಣ್ಣಿನಿಂದ ಫೇಲಾದವು. ಕೊನೆಗೆ ಉಳಿದದ್ದು ನೋಡಲು ಬಡಕಲು, ಡಬ್ಬಿಯ ಮೇಲೆ ದೊಡ್ಡ ಸ್ಪೀಡಿನ ಮಾತೇ ಇಲ್ಲದ ಒಂದು. ಮರುದಿನ ಮುಂಜಾನೆಯೇ ಅದನ್ನು ಕಸೂತಿಯವಳ ಮನೆಗೆ ಹಚ್ಚಿಸಿದೆ.

ಆ ಮಧ್ಯಾಹ್ನ ಅಕ್ಕ ಮೊದಲು ಮಾಡಿದ್ದು ಒಂದೇ: ಬಲಗೈ ಎತ್ತಿ ಎದೆಯ ಹತ್ತಿರ ತಂದು, ಅಲ್ಲೇ ನಿಲ್ಲಿಸಿ, ಹುಬ್ಬು ಏರಿಸಿದಳು. ಏನು ಹೇಳುತ್ತಿದ್ದೆ ನಿನ್ನೆ? ತಂಗಿ ಬಹಳ ಹೊತ್ತು ನೋಡಿದಳು. ಆಮೇಲೆ, ನೆನಪಿಲ್ಲ ಅಂತ ತಲೆ ಆಡಿಸಿದಳು.

ಇನ್ನೂ ಹದಿನೈದು ದಿನ ಅವರು ಮಾತಾಡಿದರು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲವಂತೆ. ತಂಗಿ ಹೋದ ಮೇಲೆ ಮಾತಾಡಿಸಲು ಹೋದೆ. ಅಕ್ಕ ನನ್ನ ಮುಂದೆಯೂ ಅದೇ ಅರ್ಧ ಸನ್ನೆ ಮಾಡಿ, ನೀನೇನಾದರೂ ನೋಡಿದೆಯಾ ಅಂತ ಕಣ್ಣಿನಲ್ಲೇ ಕೇಳಿದಳು.

ನಾನು ಅವಳ ಕೈ ಹಿಡಿದು ಕುಳಿತೆ.