ಹತ್ತು ಎಣಿಸುವಷ್ಟು ಹೊತ್ತು

2004ರಲ್ಲಿ ನಾನು ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಹದಿನಾಲ್ಕು ವರ್ಷದ ಅನುಭವ, ಅದಕ್ಕೆ ತಕ್ಕ ಜಂಬವೂ ಇತ್ತು. ಆ ವರ್ಷ ನನ್ನ ಮೇಜಿಗೆ ಇಂಟರ್ನೆಟ್ ಇರುವ ಕಂಪ್ಯೂಟರ್ ಬಂತು, ಜೊತೆಗೆ ಒಂದು ಚಟವೂ ಅಂಟಿಕೊಂಡಿತು. ಐದು ನಿಮಿಷಕ್ಕೊಮ್ಮೆ ಇ-ಮೇಲ್ ತೆರೆಯದಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಸಂಜೆ ಕಾರ್ಕಳದಲ್ಲಿ ಬಸ್ಸಿಳಿದ ಮೇಲೂ ಮನೆಗೆ ಹೋಗದೆ ಸೈಬರ್ ಕೆಫೆಗೆ ನುಗ್ಗುತ್ತಿದ್ದೆ. ನಿನಗೆ ಅಷ್ಟು ಅವಸರದಲ್ಲಿ ಬರೆಯುವವರು ಯಾರು ಮಾರಾಯ್ತಿ ಎಂದು ಗಂಡ ಛೇಡಿಸುತ್ತಿದ್ದರು. ಬರುತ್ತಿದ್ದದ್ದಾದರೂ ಎಂತ? ಮೀಟಿಂಗ್ ಸೂಚನೆಗಳು, ಯಾರೋ ದಾಟಿಸಿದ ಜೋಕುಗಳು.

ಆ ಜುಲೈಯಲ್ಲಿ ಈರಪ್ಪ ಬಂದರು. ಬಾಗಲಕೋಟೆ ಕಡೆಯ ಗೌಂಡಿ, ಗಾರೆ ಕೆಲಸದವರು; ಪರ್ಕಳದಲ್ಲಿ ಬಾಡಿಗೆ ಕೋಣೆ. ಪಾರ್ಶ್ವವಾಯುವಿನ ನಂತರ ಕೈಕಾಲು ಬಹುಮಟ್ಟಿಗೆ ಸರಿಹೋಗಿದ್ದವು, ಮಾತು ಮಾತ್ರ ನಿಂತಿತ್ತು. ಇದನ್ನು ಅಫೇಸಿಯಾ ಎನ್ನುತ್ತೇವೆ. ಈರಪ್ಪನವರಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಬೇಕಾದ ಪದ ಬಾಯಿಗೆ ಬರುತ್ತಿರಲಿಲ್ಲ. ಮೊದಲ ಕೆಲವು ತಿಂಗಳಲ್ಲಿ ಬರುವಷ್ಟು ಮಾತು ಆಮೇಲೆ ಬರುವುದು ಕಷ್ಟ. ದೀಪಾವಳಿಯೊಳಗೆ ನಾಲ್ಕು ಜನರನ್ನು ಕೂಗಿ ಕೆಲಸ ಮಾಡಿಸುವಷ್ಟು ಮಾತು ಬಂದರೆ ಮೇಸ್ತ್ರಿಯಾಗಿ ಇಟ್ಟುಕೊಳ್ಳುತ್ತೇನೆಂದು ಕಂಟ್ರಾಕ್ಟರ್ ಹೇಳಿದ್ದಾರೆ ಎಂದು ಹೆಂಡತಿ ಶಾಂತವ್ವ ತಿಳಿಸಿದರು.

ಚಿಕಿತ್ಸೆ ಸರಳ. ವಸ್ತು ತೋರಿಸಿ ಹೆಸರು ಕೇಳಬೇಕು. ರೋಗಿಯ ಮುಖವನ್ನೇ ನೋಡುತ್ತ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ತುಟಿ ಅಲುಗಿತೋ, ಕೂಡಲೇ ಮೊದಲ ಅಕ್ಷರದ ಸುಳಿವು ಕೊಡಬೇಕು. ಆ ಹತ್ತು ಎಣಿಕೆಯಲ್ಲೇ ನಾನು ಕಂಪ್ಯೂಟರಿನ ಕಡೆ ತಿರುಗುತ್ತಿದ್ದೆ. ಹತ್ತಾಗುವಾಗ ಹಿಂತಿರುಗಿ, ಪರವಾಗಿಲ್ಲ, ಮುಂದಿನದು ನೋಡುವ ಎನ್ನುತ್ತಿದ್ದೆ. ಬಾಗಿಲ ಬಳಿ ಕೂರುತ್ತಿದ್ದ ಶಾಂತವ್ವನಿಗೆ ಪರದೆ ಕಾಣುತ್ತಿರಲಿಲ್ಲ. ಮನೆಯಲ್ಲೂ ದಿನಕ್ಕೆರಡು ಬಾರಿ ನನ್ನ ಹಾಗೆಯೇ ಮಾಡಿಸಬೇಕೆಂದು ಅವರಿಗೆ ತಾಕೀತು ಮಾಡಿದ್ದೆ.

ಆರು ವಾರವಾದರೂ ಒಂದು ಪದ ಹೊರಡಲಿಲ್ಲ. ಮನೆಯಲ್ಲಿ ಸರಿಯಾಗಿ ಮಾಡಿಸುತ್ತಿಲ್ಲವೆಂದು ನನಗೆ ಸಿಟ್ಟು. ಮಾಡಿ ತೋರಿಸಿ ಎಂದೆ. ಶಾಂತವ್ವ ಗಂಡನ ಮುಂದೆ ಲೋಟ ಹಿಡಿದು ಇದೇನೆಂದು ಕೇಳಿದರು. ಕೇಳಿದವರೇ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಬೆರಳು ಮಡಿಸುತ್ತ ಎಣಿಸತೊಡಗಿದರು. ಅವರ ಬೆನ್ನ ಹಿಂದೆ ಈರಪ್ಪನವರ ತುಟಿ ಎರಡು ಸಲ ಅಲುಗಿ ನಿಂತಿತು.

"ಎಂತ ಇದು? ಹೀಗೆ ಮಾಡ್ಲಿಕ್ಕೆ ಯಾರು ಹೇಳಿಕೊಟ್ಟದ್ದು?" ಎಂದು ಗದರಿದೆ.

"ನೀವ ಮಾಡ್ತಿದ್ರಲ್ರಿ ಮೇಡಂ. ಮುಖಾ ನೋಡಿದ್ರ ಅವ್ರಿಗಿ ನಾಚಿಕಿ ಆಗತೈತಿ, ಅದಕ್ಕ ನೀವು ಆ ಕಡೆ ಹೊಳ್ಳತೀರಿ ಅಂತ ತಿಳ್ಕೊಂಡಿದ್ನ್ರಿ."

ನನ್ನ ಕಿವಿ ಬಿಸಿಯಾಯಿತು. ನನ್ನ ಉಡಾಫೆಗೆ ಆ ಹೆಂಗಸು ಎಂಥ ಒಳ್ಳೆಯ ಕಾರಣ ಹುಡುಕಿಟ್ಟಿದ್ದರು! ಆದರೂ ನಿಜ ಹೇಳಲಿಲ್ಲ. ಅದು ಮೊದಲ ಹಂತ, ಇನ್ನು ಮುಖ ನೋಡುತ್ತ ಮಾಡುವ ಹಂತ ಎಂದು ಗಂಭೀರವಾಗಿ ಸುಳ್ಳು ಹೇಳಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮರುವಾರ ನನ್ನ ಕೋಣೆಯ ಹೊರಗೆ ಶಾಂತವ್ವನ ದನಿ ಕೇಳಿಸಿತು. ಪಡುಬಿದ್ರಿಯಿಂದ ಬಂದಿದ್ದ ಹೊಸ ರೋಗಿಯ ಮಗಳಿಗೆ, ಮೊದಲ ಆರು ವಾರ ಮುಖ ನೋಡಬಾರದು, ಇಲ್ಲಿಯ ಪದ್ಧತಿಯೇ ಹಾಗೆ ಎಂದು ವಿವರಿಸುತ್ತಿದ್ದರು. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಆ ಮಗಳು, ಶಾಂತವ್ವ, ಪಕ್ಕದಲ್ಲಿ ಕೂತಿದ್ದ ಈರಪ್ಪ, ಮೂವರನ್ನೂ ಒಳಗೆ ಕರೆದೆ. ಅಂಥ ಪದ್ಧತಿ ಇಲ್ಲ, ಆ ಹೊತ್ತಿನಲ್ಲಿ ನಾನು ಕಂಪ್ಯೂಟರಿನಲ್ಲಿ ನನಗೆ ಬಂದ ಪತ್ರ ನೋಡುತ್ತಿದ್ದೆ, ತಪ್ಪು ನನ್ನದು ಎಂದೆ.

ಶಾಂತವ್ವ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಗಂಡನ ಕಡೆ ತಿರುಗಿ, "ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದರು. ಕೇಳಿ, ಅವರ ಮುಖದಿಂದ ಕಣ್ಣು ಕೀಳದೆ ಕಾದರು. ನಾನೂ ಕಾದೆ. ಎಣಿಕೆ ಏಳಕ್ಕೆ ಬಂದಾಗ ಈರಪ್ಪ ಕಂಪ್ಯೂಟರಿನತ್ತ ಕೈ ತೋರಿಸಿದರು. ತುಟಿ ಒತ್ತಿ, ಕೊರಳ ನರ ಉಬ್ಬಿಸಿ, "ಗೊತ್ತ" ಎಂದರು.

ಅದು ಅವರ ಮೊದಲ ಪದ. ನನ್ನ ಮೇಜಿನ ಪಕ್ಕದಲ್ಲೇ ಕೂರುತ್ತಿದ್ದ ಅವರಿಗೆ ಆರು ವಾರವೂ ಪರದೆ ಕಾಣುತ್ತಿತ್ತು.

ಕಂಪ್ಯೂಟರನ್ನು ಅಂದೇ ಬೇರೆ ಕೋಣೆಗೆ ಸಾಗಿಸಿದೆ. ದೀಪಾವಳಿಯ ಹೊತ್ತಿಗೆ ಈರಪ್ಪನವರಿಗೆ ಮೂವತ್ತು ಪದಗಳು ಬಂದಿದ್ದವು. ಮೇಸ್ತ್ರಿಗೆ ಅಷ್ಟು ಸಾಲದೆಂದು ಕಂಟ್ರಾಕ್ಟರ್ ಅವರನ್ನು ಸಿಮೆಂಟ್ ಗೋದಾಮಿನ ಕಾವಲಿಗೆ ಹಾಕಿದರು. ಕಳೆದುಹೋದ ಆರು ವಾರ ಸಿಕ್ಕಿದ್ದರೆ ಮಾತು ಎಷ್ಟು ಬರುತ್ತಿತ್ತೆಂದು ಶಾಂತವ್ವ ಒಮ್ಮೆ ಕೇಳಿದರು. ನನಗೆ ತಿಳಿಯದು ಎಂದೆ. ಇಂದಿಗೂ ತಿಳಿಯದು. ಪ್ರಶ್ನೆ ಕೇಳಿದವರು ಉತ್ತರ ಬರುವವರೆಗೆ ಅಲ್ಲಿಯೇ ಇರಬೇಕು. ಮಾತು ಕಲಿಸುವ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು. ಅದನ್ನು ಕಲಿತದ್ದು ಈರಪ್ಪನವರ ಮಾತಿನ ಖರ್ಚಿನಲ್ಲಿ.