ನಡುಮನೆ ಬಾಗಿಲಿನ ಎತ್ತುಸೇತುವೆ

ಮದುವೆಯಾಗಿ ಶಿಡ್ಲಘಟ್ಟದ ಮನೆಗೆ ಬಂದ ಮರುದಿನ ಬೆಳಿಗ್ಗೆ, ತಲೆ ತಗ್ಗಿಸಿಕೊಂಡು ನಡುಮನೆಯಿಂದ ಪಡಸಾಲೆಗೆ ಬರುತ್ತಿದ್ದ ನನ್ನ ಎದೆಗೆ ಹಲಗೆಯೊಂದು ಬಡಿಯಿತು. ಬಾಗಿಲಿಗೆ ಅಡ್ಡಲಾಗಿ ಹಲಗೆ! ಇದೇನು ಗ್ರಹಚಾರ ಎಂದು ನೋಡುವಷ್ಟರಲ್ಲಿ ನನ್ನ ಮೂಗಿನ ಕೆಳಗೇ ಕರ್ರ್ ಎನ್ನುತ್ತಾ ಒಂದು ರೈಲು ಹಾದುಹೋಯಿತು. ಗೇಣುದ್ದದ ಹಸಿರು ಎಂಜಿನ್, ಹಿಂದೆ ಮೂರು ತಗಡಿನ ಡಬ್ಬಿಗಳು. ಕಿಟಾರನೆ ಕಿರುಚಿದೆ. ಮೂಲೆಯಲ್ಲಿ ಕೂತಿದ್ದ ಮಾವ ಕೈಯಲ್ಲಿ ಕೀಲಿ ಹಿಡಿದುಕೊಂಡು, ನನ್ನತ್ತ ನೋಡದೆ ಕೆಮ್ಮಿದರು. ಇಪ್ಪತ್ತು ಎಕರೆಯ ಯಜಮಾನರು, ಸುತ್ತಲ ಹಳ್ಳಿಯವರು ಜಗಳ ಬಿಡಿಸಿಕೊಳ್ಳಲು ಹುಡುಕಿಕೊಂಡು ಬರುವ ಹುರಿಮೀಸೆಯ ಮನುಷ್ಯ, ಆಟದ ರೈಲಿಗೆ ಕೀಲಿ ಕೊಡುತ್ತಿದ್ದಾರೆ. ಗೌರಿಬಿದನೂರಿನಲ್ಲಿ ನನ್ನ ಅಪ್ಪನಿಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಈ ಮದುವೆ ನಡೆಯುತ್ತಿತ್ತೋ ಇಲ್ಲವೋ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಬೆಂಗಳೂರು ದಂಡಿನಲ್ಲಿದ್ದ ಯಾವನೋ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಮನೆ ಸಾಮಾನು ಹರಾಜು ಹಾಕಿದನಂತೆ. ಎಲ್ಲರೂ ಕುರ್ಚಿ, ಮಂಚ ಕೂಗಿದರೆ ನಮ್ಮ ಮಾವ ಈ ರೈಲಿನ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಬೀದಿಬಾಗಿಲಿನ ಗೋಡೆ ಬಿಟ್ಟು ಉಳಿದ ಮೂರೂ ಗೋಡೆಗೆ ಎದೆಮಟ್ಟದಲ್ಲಿ ಹಲಗೆ ಹೊಡೆಸಿ ಅದರ ಮೇಲೆ ಕಂಬಿ ಹಾಸಿದ್ದರು. ನಮ್ಮೂರಿನ ಮೇಲೆ ಹೋಗುತ್ತಿದ್ದ ಚಿಕ್ಕ ರೈಲಿನ ದಾರಿಯೇ ಅಲ್ಲೂ ಇತ್ತು. ಕಿಟಕಿಯ ಹತ್ತಿರ ಚಿಕ್ಕಬಳ್ಳಾಪುರ, ನಡುವೆ ಶಿಡ್ಲಘಟ್ಟ, ದೀಪದ ಗೂಡಿನ ಕೆಳಗೆ ಚಿಂತಾಮಣಿ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ನಡುಮನೆಯ ಬಾಗಿಲು. ಅಲ್ಲಿ ಹಲಗೆ ಬಾಗಿಲಿಗೆ ಅಡ್ಡಬಿದ್ದಿತ್ತು. ಮನೆಯವರೆಲ್ಲ ಅದರ ಕೆಳಗೆ ಬಗ್ಗಿ ಓಡಾಡಬೇಕು. ನನ್ನ ತವರಿಗೆ ಹೋಗುವ ರೈಲು ಬೇರೆ ದಾರಿಯದು, ಹಾಗಾಗಿ ಮಾವನ ಲೋಕದಲ್ಲಿ ಗೌರಿಬಿದನೂರೇ ಇರಲಿಲ್ಲ. ಅದೂ ಒಂದು ಸಿಟ್ಟು ನನಗೆ.

ಆಗೆಲ್ಲ ಸೊಸೆ ಮಾವನ ಎದುರು ನಿಲ್ಲುವಂತಿರಲಿಲ್ಲ, ನೇರವಾಗಿ ಮಾತಾಡುವಂತಿರಲಿಲ್ಲ. ಗಂಡ ಬೆಳಗಿನ ರೈಲಿಗೆ ಚಿಕ್ಕಬಳ್ಳಾಪುರದ ಕಚೇರಿಗೆ ಹೋಗಿಬಿಡುತ್ತಿದ್ದರು. ಅತ್ತೆಯೂ ಮನೆಯಲ್ಲಿಲ್ಲದಾಗ ನಾನು ಪಡಸಾಲೆಯ ಕಂಬದ ಮರೆಗೆ ನಿಂತು ಕಂಬಕ್ಕೆ ಹೇಳುತ್ತಿದ್ದೆ, “ಊಟಕ್ಕೆ ಎಲೆ ಹಾಕಿದೆ.” ಆ ಕಡೆಯಿಂದ ಕೆಮ್ಮು ಕೇಳುತ್ತಿತ್ತು. ಒಂದು ಕೆಮ್ಮಾದರೆ ಬಂದೆ ಎಂದು, ಎರಡಾದರೆ ಆಮೇಲೆ ನೋಡೋಣ ಎಂದು. ನಗಬೇಡಿ, ನಾವು ಮೂರು ವರ್ಷ ಹಾಗೆಯೇ ಸಂಸಾರ ಮಾಡಿದೆವು.

ಮೊದಲ ಬಸುರಿನ ನಾಲ್ಕನೇ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ಬಾವಿ ಹತ್ತಿರ ಹೋಗಬೇಡ, ನೀರು ಸೇದಬೇಡ ಎಂದು ಅತ್ತೆ ಹತ್ತು ಸಲ ಹೇಳಿದ್ದರು. ಅವರು ಚಿಂತಾಮಣಿಗೆ ತಂಗಿಯ ಮನೆಗೆ ಹೋದ ದಿನ, ಕೆಲಸದವಳು ಬರುವುದು ತಡವಾಯಿತೆಂದು ತಾಳ್ಮೆಗೆಟ್ಟು ನಾನೇ ಹಿತ್ತಿಲಿಗೆ ಹೋಗಿ ಹಿತ್ತಾಳೆ ಬಿಂದಿಗೆ ತುಂಬಿದೆ. ಸೊಂಟಕ್ಕೇರಿಸಿ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ಜಾರಿಬಿದ್ದೆ. ಬಿಂದಿಗೆ ನನ್ನ ಕೆಳಗೆ ಸಿಕ್ಕಿ ಬೊಗಸೆಯಗಲ ನೆಗ್ಗಿಹೋಯಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಪಡಸಾಲೆಯಲ್ಲಿ ರೈಲಿನ ಕರ್ರ್ ಸದ್ದು ಮಾತ್ರ ಕೇಳುತ್ತಿತ್ತು. ಬಿಂದಿಗೆಯನ್ನು ಸೌದೆ ರಾಶಿಯ ಹಿಂದೆ ಬಚ್ಚಿಟ್ಟು, ಒದ್ದೆ ಸೀರೆ ಬದಲಾಯಿಸಿ ಮಲಗಿದೆ. ಮಧ್ಯಾಹ್ನಕ್ಕೆ ನೋವು ಶುರುವಾಯಿತು. ಅತ್ತೆ ಸಂಜೆಯ ರೈಲಿಗೆ ವಾಪಸು ಬರುವಷ್ಟರಲ್ಲಿ ಮಗು ಉಳಿದಿರಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ನಿಂತು ಪಡಸಾಲೆಗೆ ಕೇಳುವಂತೆ ಕೂಗಾಡಿದರು. ಅವರದು ಚಿಂತಾಮಣಿ ಕಡೆ, ದುಃಖ ಬಂದರೆ ತೆಲುಗು ಮೊದಲು ಬರುತ್ತಿತ್ತು. “ಅಯ್ಯೋ ದೇವುಡಾ! ದಿನಕ್ಕೆ ನಲವತ್ತು ಸಲ ಆ ಹಲಗೆ ಕೆಳಗೆ ಬಗ್ಗಿ ಬಗ್ಗಿ ಹೋಯ್ತಲ್ಲೋ ಮಗು! ಮುದುಕರಾಗೋ ವಯಸ್ಸಲ್ಲಿ ಆಟ ಬೇಕಾಗಿತ್ತಾ?”

ನಾನು ಬೆಚ್ಚಿಬಿದ್ದೆ. ಅಲ್ಲ ಅತ್ತೆ ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ಹಲಗೆಯ ಮೇಲೆ ತಪ್ಪು ಬಿದ್ದರೆ ನನ್ನ ಮೇಲೆ ಬೀಳುವುದಿಲ್ಲ. ಬೈಸಿಕೊಂಡರೆ ಹಲಗೆಗೇನು ನೋವೇ? ಇಪ್ಪತ್ತರ ಹುಡುಗಿಯ ಬುದ್ಧಿ ಅಷ್ಟಕ್ಕೇ ನಿಂತಿತು. ಆ ಹಲಗೆ ಯಾರದು ಎಂದು ಆಗ ಯೋಚಿಸಲಿಲ್ಲ, ಇವತ್ತಿಗೂ ನನಗೆ ನಾಚಿಕೆಯಾಗುವುದು ಅದಕ್ಕೇ.

ತಿಂಗಳೊಪ್ಪತ್ತು ತವರಿನಲ್ಲಿದ್ದು ಬಂದೆ. ಬಂದವಳೇ ಸೌದೆ ರಾಶಿಯ ಹಿಂದೆ ನೋಡಿದೆ, ಬಿಂದಿಗೆ ಇಲ್ಲ. ಒಳಗೆ ಹೋದರೆ ಬಿಂದಿಗೆ ಎಂದಿನಂತೆ ಬಚ್ಚಲಿನ ಪಕ್ಕ ಕೂತಿದೆ. ತಿರುಗಿಸಿ ತಿರುಗಿಸಿ ನೋಡಿದೆ, ನೆಗ್ಗು ಮಾಯ! ಬೆರಳಾಡಿಸಿದರೆ ಮಾತ್ರ ಅಲ್ಲಿ ಸ್ವಲ್ಪ ತರಿತರಿ. ಅತ್ತೆಗೆ ಸಿಕ್ಕಿ, ಪಾತ್ರೆ ರಿಪೇರಿಯವನಿಗೆ ಕೊಟ್ಟಿದ್ದಾರೆ, ಇವತ್ತಲ್ಲ ನಾಳೆ ಕೇಳೇ ಕೇಳುತ್ತಾರೆ ಎಂದು ಕಾದೆ. ಯಾರೂ ಕೇಳಲಿಲ್ಲ. ಬದುಕಿದೆ ಎಂದುಕೊಂಡೆ.

ಆದರೆ ಮನೆಯಲ್ಲಿ ಇನ್ನೊಂದು ಸದ್ದೂ ನಿಂತುಹೋಗಿತ್ತು. ರೈಲು ಓಡುತ್ತಿರಲಿಲ್ಲ. ಎಂಜಿನ್ ಚಿಕ್ಕಬಳ್ಳಾಪುರದಲ್ಲಿ ಧೂಳು ಹಿಡಿದು ನಿಂತಿತ್ತು. ಮಾವ ಬೆಳಿಗ್ಗೆ ಮೇಲೂರು ದಾರಿಯ ಹಿಪ್ಪುನೇರಳೆ ತೋಟಕ್ಕೆ ಹೋದರೆ ಊಟದ ಹೊತ್ತಿಗೇ ಬರುತ್ತಿದ್ದರು. ಕಂಬಕ್ಕೆ ಏನು ಹೇಳಿದರೂ ಒಂದೇ ಕೆಮ್ಮು.

ಹೀಗೆ ಒಂದೂವರೆ ವರ್ಷ ಕಳೆಯಿತು. ಮತ್ತೆ ನನಗೆ ದಿನ ನಿಂತಿತು. ಬಸುರಿನ ವಿಷಯ ಮಾವನಿಗೆ ಯಾರೂ ಹೇಳುವ ಪದ್ಧತಿಯಿಲ್ಲ, ಅವರು ಕೇಳುವ ಪದ್ಧತಿಯಂತೂ ಇಲ್ಲವೇ ಇಲ್ಲ. ಆದರೂ ಅತ್ತೆ ನನ್ನನ್ನು ಒರಳಿನಿಂದ ಎಬ್ಬಿಸಿ ತಾವೇ ರುಬ್ಬಲು ಕೂತ ಮರುದಿನ ನಾನು ಪಡಸಾಲೆಗೆ ಬಂದವಳು ಅಭ್ಯಾಸದಂತೆ ಬಗ್ಗಿದೆ. ಮೇಲೆ ಏನೂ ಇರಲಿಲ್ಲ. ಬಾಗಿಲಿನ ಅಗಲಕ್ಕೆ ಸರಿಯಾಗಿ ಹಲಗೆ ಗರಗಸದಲ್ಲಿ ಕೊಯ್ದಾಗಿತ್ತು. ನೆಲದ ತುಂಬ ಮರದ ಪುಡಿ. ನಾನು ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟೆ.

“ಎತ್ತಿ ಇಳಿಸೋ ಸೇತುವೆ ಮಾಡ್ತಾರಂತೆ ಕಣೇ,” ಎಂದರು ಅತ್ತೆ, ಹುಣಸೆಹಣ್ಣು ಬಿಡಿಸುತ್ತಾ. “ಅವತ್ತು ನಾನಂದ ಮಾತು ಕಿವಿಗೆ ಬಿದ್ದಿತ್ತು ಅಂತ ಕಾಣುತ್ತೆ. ಆವತ್ತಿಂದ ಕೀಲಿ ಮುಟ್ಟಿಲ್ಲ. ಪಾಪ, ಮೊಮ್ಮಗು ತನ್ನಿಂದ್ಲೇ ಹೋಯ್ತು ಅಂತ ಕೊರಗಿ ಕೊರಗಿ, ಈಗ ತಪ್ಪು ತಿದ್ಕೋತಿದಾರೆ.”

ಒಂದೂವರೆ ವರ್ಷ ಆ ಮನುಷ್ಯ ನನ್ನ ತಪ್ಪನ್ನು ತಾನು ಹೊತ್ತು ತಿರುಗಿದ್ದಾರೆ. ನಾನು ದಿನಾ ಅವರಿಗೆ ಎಲೆ ಹಾಕಿ ಬಡಿಸಿದ್ದೇನೆ! ಹೇಳಿಬಿಡಬೇಕು. ಆದರೆ ಹೇಗೆ? ಊಟಕ್ಕೆ ಕರೆಯಲೂ ಕಂಬ ಬೇಕಾದ ಮನೆಯಲ್ಲಿ ಬಸುರು, ಬಾವಿ, ಬಿದ್ದದ್ದು ಇವನ್ನೆಲ್ಲ ಯಾವ ಬಾಯಲ್ಲಿ ಹೇಳುವುದು? ಅತ್ತೆಗೆ ಹೇಳಿದರೆ ಮನೆಯಲ್ಲಿ ಉಳಿಗಾಲವಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆಂದು ಏಳುತ್ತಿದ್ದೆ, ಸಂಜೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಸೇತುವೆಯ ಕೆಲಸವೂ ಸುಲಭವಾಗಿ ಆಗಲಿಲ್ಲ. ಹಳೆಯ ಅಕ್ಕಿ ಪೆಟ್ಟಿಗೆಯ ಮುಚ್ಚಳದಿಂದ ಎರಡು ಕೀಲು ಬಿಚ್ಚಿ ಮಾವ ಹಲಗೆಯ ತಳಕ್ಕೆ ಹೊಡೆದರು. ಎತ್ತಲು ಹೋದರೆ ಹಲಗೆ ಮೇಲೇಳಲೇ ಇಲ್ಲ. ಕೀಲನ್ನು ಹಲಗೆಯ ಮೇಲಕ್ಕೆ ತಂದರು. ಈ ಸಲ ಹಲಗೆ ಸ್ವಲ್ಪ ಎದ್ದಿತು, ಆದರೆ ಈಚೆಯ ಕಂಬಿಯ ತುದಿ ಆಚೆಯ ಕಂಬಿಯ ತುದಿಯನ್ನು ಕಚ್ಚಿ ಹಿಡಿದುಕೊಂಡಿತು. ಜೋರಾಗಿ ಎಳೆದರೆ ತಗಡಿನ ಕಂಬಿ ಸೊಟ್ಟಗಾಯಿತು. ಮಾವ ಮೂರು ದಿನ ಅದರ ಮುಂದೆ ಮೀಸೆ ಎಳೆದುಕೊಂಡು ಕೂತರು. ಹೊಲದ ಗಡಿ ಜಗಳ ಬಿಡಿಸುವವರಿಗೆ ಎರಡು ಕಂಬಿಯ ಜಗಳ ಬಿಡಿಸಲು ಆಗಲಿಲ್ಲ.

ನನಗೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಒಲೆ ಮುಂದೆ ಕೂತು ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟು, ಬಟ್ಟೆಯ ಚೂರನ್ನು ಅನ್ನದ ಅಗುಳಿನಿಂದ ತಳಕ್ಕೆ ಅಂಟಿಸಿದೆ. ಒಂದನ್ನು ಎತ್ತಿದರೆ ಮೇಲಿನ ಅಂಚುಗಳು ಒಂದಕ್ಕೊಂದು ಒತ್ತಿಕೊಂಡವು. ಮೇಲುಗಡೆಗೆ ಅಂಟಿಸಿ ಎತ್ತಿದೆ, ಸಲೀಸಾಗಿ ಎದ್ದಿತು. ಅಂದರೆ ಕೀಲು ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಹಲಗೆಯ ಮೇಲೆ ಕಂಬಿ ಎದ್ದು ನಿಂತಿದೆಯಲ್ಲ, ಹಾಗಾಗಿ ಹಲಗೆಗಲ್ಲ, ಕಂಬಿಗಿಂತ ಎತ್ತರದಲ್ಲಿರಬೇಕು! ಆ ಬೆಂಕಿಪೊಟ್ಟಣದ ಜೋಡಿಯನ್ನು ಕಂಬದ ಬುಡದಲ್ಲಿಟ್ಟು ಹೇಳಿದೆ, “ಕೀಲಿನ ಕೆಳಗೆ ಮರದ ತುಂಡು ಕೊಟ್ಟು, ಕಂಬಿಗಿಂತ ಮೇಲಕ್ಕೆ ಎತ್ತಿದ್ರೆ ಕಚ್ಚಲ್ವೇನೋ.”

ಆ ಕಡೆಯಿಂದ ಒಂದು ಕೆಮ್ಮು.

ಮಾರನೆಯ ದಿನ ಕೀಲುಗಳು ಎರಡು ಮರದ ತುಂಡುಗಳ ಮೇಲೆ ಏರಿ ಕೂತಿದ್ದವು. ಸೇತುವೆಯ ತುದಿಗೆ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ತಕ್ಕಡಿಯ ತೂಕದ ಬಟ್ಟು ನೇತುಹಾಕಿದ್ದರು. ಕಿರುಬೆರಳಿನಲ್ಲಿ ತಳ್ಳಿದೆ. ಸೇತುವೆ ಸದ್ದಿಲ್ಲದೆ ನೆಟ್ಟಗೆ ಎದ್ದು ಗೋಡೆಗೆ ಒರಗಿಕೊಂಡಿತು. ನನ್ನ ಮಾತು ಮರದಲ್ಲಿ ನಿಜವಾಗಿದ್ದನ್ನು ನೋಡಿ ನಾನೇ ದಂಗಾದೆ. ಆ ಧೈರ್ಯದಲ್ಲಿ ಕಂಬಕ್ಕೆ ಇನ್ನೊಂದು ಪ್ರಶ್ನೆ ಹಾಕಿದೆ, “ಸೇತುವೆ ಎತ್ತಿದಾಗ ಗಾಡಿ ಬಂದ್ರೆ? ಕೀಲಿ ಕೊಟ್ಟ ಗಾಡಿ, ತಾನಾಗಿ ನಿಲ್ಲಲ್ವಲ್ಲ.” ಎರಡು ಕೆಮ್ಮು ಕೇಳಿಸಿತು. ಆಮೇಲೆ ನೋಡೋಣ ಎಂದು.

ಆರನೇ ತಿಂಗಳು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಹುಣಸೆಹಣ್ಣು ಹಾಕಿ ಬೆಳಗಿದ ಖಾಲಿ ಬಿಂದಿಗೆಯನ್ನು ಜಗಲಿಯ ಬಿಸಿಲಿಗಿಡಲು ಸೊಂಟದಲ್ಲಿಟ್ಟುಕೊಂಡು ಬಂದು ಸೇತುವೆ ಎತ್ತಿದೆ. ಹೊಸಿಲ ಮೇಲೆ ಕಾಲಿಟ್ಟೆ. ಆಗ ಕೇಳಿಸಿತು, ಕರ್ರ್. ಹತ್ತಿರ ಹತ್ತಿರ ಎರಡು ವರ್ಷದ ಮೇಲೆ ಮಾವ ಕೀಲಿ ಕೊಟ್ಟಿದ್ದರು. ಧೂಳು ಒರೆಸಿಕೊಂಡ ಹಸಿರು ಎಂಜಿನ್ ಚಿಂತಾಮಣಿ ಬಿಟ್ಟು ಭರದಿಂದ ಬರುತ್ತಿದೆ, ಅದರ ಮುಂದೆ ದಾರಿಯೇ ಇಲ್ಲ.

“ಮಾವಾ! ಗಾಡಿ ಬಿದ್ಹೋಗುತ್ತೆ!”

ಟಕ್ ಎಂದಿತು. ಅಂಚಿಗೆ ನಾಲ್ಕು ಬೆರಳು ಇರುವಾಗ ಎಂಜಿನ್ ನಿಂತಿತು. ಕಂಬಿಗಳ ನಡುವೆ ಒಂದು ತಂತಿ ತಲೆ ಎತ್ತಿ ಅದರ ಹೊಟ್ಟೆಯ ಕೆಳಗಿನ ತಡೆಯನ್ನು ಮೀಟಿತ್ತು. ಸೇತುವೆ ಮಲಗಿದ್ದರೆ ಅದರ ಭಾರಕ್ಕೆ ತಂತಿ ತಗ್ಗಿರುತ್ತದೆ, ಸೇತುವೆ ಎದ್ದರೆ ತಂತಿಯೂ ಏಳುತ್ತದೆ. ಎರಡು ಕೆಮ್ಮಿನ ಆಮೇಲೆ ಮಾವ ಕೂತು ಮಾಡಿದ ಕೆಲಸ ಅದು.

ಗಾಡಿ ಉಳಿಯಿತು, ನಾನು ಕಕ್ಕಾಬಿಕ್ಕಿಯಾದೆ. ಮೂರು ವರ್ಷದಲ್ಲಿ ಮೊದಲ ಸಲ ಮಾವನನ್ನು ಮುಖಕ್ಕೆ ಮುಖ ಕೊಟ್ಟು ಕರೆದಿದ್ದೆ. ಬೀದಿಗೆ ಕೇಳುವಂತೆ! ಒಮ್ಮೆ ತೆರೆದ ನನ್ನ ಬಾಯಿ ಮುಚ್ಚಲಿಲ್ಲ.

“ಮಗು ಹೋಗಿದ್ದು ನಿಮ್ಮ ಹಲಗೆಯಿಂದ ಅಲ್ಲ ಮಾವ. ನಾನೇ ಬಾವಿ ಹತ್ರ ಹೋಗಿದ್ದೆ. ಜಾರಿ ಬಿದ್ದೆ. ಯಾರಿಗೂ ಹೇಳಲಿಲ್ಲ.”

ಮಾವ ನನ್ನ ಕಡೆ ನೋಡಲಿಲ್ಲ. ಸಾವಕಾಶವಾಗಿ ಕಂಬದ ಕಡೆ ತಿರುಗಿದರು. ಕಂಬಕ್ಕೆ ಹೇಳಿದರು, “ಸೌದೆ ಹಿಂದೆ ಇದ್ದ ಬಿಂದಿಗೆ ನೆಗ್ಗು ತೆಗ್ದೋನು ನಾನೇ ಕಣಮ್ಮ. ಬಾಯಿ ಕಿರಿದು, ಒಳಗೆ ಕೈ ಹೋಗ್ಲಿಲ್ಲ. ಸರಳು ಬಗ್ಗಿಸ್ಕೊಂಡು ತೆಗ್ದೆ.”

ನಾನು ಸೊಂಟದ ಬಿಂದಿಗೆಯನ್ನು ನೋಡಿದೆ. “ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಸುಮ್ನಿದ್ರಿ?”

“ಮಗು ಹೋದ್ಮೇಲೆ ಗಾಡಿ ಓಡ್ಸೋಕೆ ಮನಸ್ಸಾಗ್ಲಿಲ್ಲ, ಅಷ್ಟೇ. ಹಲಗೆ ತಾನೇ, ಬೈಸ್ಕೊಂಡ್ರೆ ಅದಕ್ಕೇನಾಗುತ್ತೆ?”

“ಮತ್ತೆ ಈ ಸೇತುವೆ?”

“ಬಗ್ಗೋದು ಕಷ್ಟ ಅಲ್ವೇನಮ್ಮ,” ಎಂದರು ಕಂಬಕ್ಕೆ. “ಅದನ್ನ ನೋಡೋಕೆ ನಂಗೆ ಇಷ್ಟು ವರ್ಷ ಹಿಡೀತು.”

ಅಷ್ಟರಲ್ಲಿ ಅತ್ತೆ ಅವರೆ ಸೊಗಡು ಮೆತ್ತಿದ ಕೈಯಲ್ಲೇ ಮನೆ ಸುತ್ತಿಕೊಂಡು ಬೀದಿಬಾಗಿಲಿನಿಂದ ಓಡಿಬಂದು ನನ್ನೆದುರು ನಿಂತರು. “ಯಾರೇ ಅದು ಮಾವ ಅಂತ ಕೂಗಿದ್ದು? ಏನಾಯ್ತೇ?” ನಿಂತ ಗಾಡಿಯನ್ನೂ, ಎದ್ದ ಸೇತುವೆಯನ್ನೂ, ನನ್ನ ಮುಖವನ್ನೂ ನೋಡಿದರು. ನನ್ನ ಹೆಬ್ಬೆರಳು ಬಿಂದಿಗೆಯ ಮೇಲೆ ಆ ತರಿತರಿಯ ಜಾಗದಲ್ಲೇ ಆಡುತ್ತಿತ್ತು.

ಮಾವ ಒಂದು ಸಲ ಕೆಮ್ಮಿದರು. “ಏನಿಲ್ಲ. ಅವಳು ಆ ಕಡೆ ಹೋಗ್ಬೇಕಂತೆ, ದಾರಿ ಬಿಡು.”

ಅತ್ತೆ ಪಕ್ಕಕ್ಕೆ ಸರಿದರು. ನಾನು ಬಿಂದಿಗೆಯನ್ನು ಸೊಂಟದಲ್ಲಿಟ್ಟುಕೊಂಡು, ತಲೆ ಎತ್ತಿಕೊಂಡೇ ಆ ಬಾಗಿಲು ದಾಟಿದೆ.